ಕುಸಿದ ನೆಲ, ಹರಿದ ನೆಲ, ಬಿರಿದ ನೆಲ

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಳ್ಳಾರಿ ಜಿಲ್ಲೆಯ ಕಲ್ಲಿನ ಮೇಲೆ ಒಂದರ ಬೆನ್ನಿಗೊಂದು ಎರಡು ಪುಸ್ತಕ ಬಂದವು. 1895ರಲ್ಲಿ ಬಂದದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಬರೆದ ಜಿಲ್ಲೆಯ ಭೂವಿಜ್ಞಾನ. ಮರುವರ್ಷ ಬಂದದ್ದು ಅಲೆಕ್ಸಾಂಡರ್ ರೀ ಬರೆದ ಚಾಲುಕ್ಯ ವಾಸ್ತುಶಿಲ್ಪ. ಫೂಟ್ ಗುಡ್ಡದ ಕಲ್ಲು ನೋಡಿದ, ರೀ ಗುಡಿಯ ಕಲ್ಲು ಅಳೆದ. ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳ, ಅಂಬಳಿ ಎಂದು ರೀ ತಿರುಗಿದ ಈ ಊರುಗಳೆಲ್ಲ ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ, ಹೂವಿನಹಡಗಲಿ, ಕೊಟ್ಟೂರು ತಾಲೂಕುಗಳಲ್ಲಿವೆ. ಪಕ್ಕದ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯನ್ನೂ ಸೇರಿಸಿದರೆ ಫೂಟ್ ನಕ್ಷೆಯ ಪಶ್ಚಿಮ ಭಾಗ ಹೆಚ್ಚುಕಡಿಮೆ ಪೂರ್ತಿಯಾಗುತ್ತದೆ.

ಈ ಎರಡನ್ನೂ ಒಟ್ಟಿಗಿಟ್ಟು ಓದುವವರು ಕಡಿಮೆ. ಶಿಲ್ಪಕ್ಕೆ ಮನಸೋತವರು ಶಿಲೆಯ ಗೊಡವೆಗೆ ಹೋಗುವುದಿಲ್ಲ, ಶಿಲೆಯವರಿಗೆ ಶಿಲ್ಪದ ಚಿಂತೆ ಇಲ್ಲ. ಆದರೆ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ಮದನಿಕೆಯರ ಕೊರಳ ಹಾರ ಎಳೆಎಳೆಯಾಗಿ ಬಿಡಿಸಿಕೊಂಡಿದೆಯಲ್ಲ, ಅದಕ್ಕೆ ರೂವಾರಿಯ ಕೈ ಎಷ್ಟು ಕಾರಣವೋ ಬಳಪದ ಕಲ್ಲಿನ ಮೆದುತನವೂ ಅಷ್ಟೇ ಕಾರಣ. ಆ ಕಲ್ಲಿನ ಹಸಿರು ಛಾಯೆ ಕ್ಲೋರೈಟ್ ಎಂಬ ಖನಿಜದ್ದು. ಲಾವಾ ಕಲ್ಲು ನೆಲದಾಳಕ್ಕೆ ಹೋಗಿ, ಬಿಸಿನೀರು ಕುಡಿದು, ಒತ್ತಡಕ್ಕೆ ಸಿಕ್ಕು ಬೇರೆಯೇ ಕಲ್ಲಾದಾಗ ಹುಟ್ಟುವ ಖನಿಜ ಅದು. ನಮ್ಮಲ್ಲಿ ಜ್ವಾಲಾಮುಖಿಗಳಿಲ್ಲ ಎಂದು ಶಾಲೆಯಲ್ಲಿ ಹೇಳಿಕೊಟ್ಟರು, ಸರಿ. ಇದ್ದವು ಎಂದು ಯಾರೂ ಹೇಳಿಕೊಡಲಿಲ್ಲ.

ಇದ್ದವು ಎಂದ ಕೂಡಲೇ ಬಾಯ್ತೆರೆದ ಶಂಕುಪರ್ವತ ಹುಡುಕಬಾರದು. ಇನ್ನೂರು, ಮುನ್ನೂರು ಕೋಟಿ ವರ್ಷಗಳ ಮಳೆಗಾಳಿ ಈ ಸೀಮೆಯ ಮೇಲಿನ ಕಲ್ಲನ್ನು ಕಿಲೋಮೀಟರುಗಟ್ಟಲೆ ಸವೆಸಿ ಒಯ್ದಿದೆ. ಉಳಿದಿರುವುದು ಲಾವಾ ಮೇಲೇರಿದ ದಾರಿಗಳು, ಮೇಲೆ ಬಂದು ಮತ್ತೆ ಆಳಕ್ಕಿಳಿದ ಲಾವಾದ ಪಟ್ಟಿಗಳು, ಮೇಲೆ ಬರಲಾಗದೆ ಒಳಗೇ ಹೆಪ್ಪುಗಟ್ಟಿದ ಗ್ರಾನೈಟು. ಈ ಮೂರೂ ನಮ್ಮ ಐದು ತಾಲೂಕುಗಳ ಒಳಗೆ ಅಥವಾ ಗಡಿಗೆ ಅಂಟಿಕೊಂಡಂತೆ ಸಿಗುತ್ತವೆ. ಒಂದೇ ನೆಲ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ರೀತಿ ವರ್ತಿಸಿದ್ದಕ್ಕೆ ಇವು ಸಾಕ್ಷಿ. ಎಳೆಯ ವಯಸ್ಸಿನಲ್ಲಿ ಅದು ಕುಸಿಯಿತು, ಆಮೇಲೆ ಹರಿಯಿತು, ತಣ್ಣಗಾದ ಮೇಲೆ ಬಿರಿಯಿತು.

ಮೊದಲು ಲಾವಾ. ಚಿತ್ರದುರ್ಗದ ಕಡೆಯಿಂದ ಗದಗಿನವರೆಗೆ ಹಬ್ಬಿದ ಹಸಿರುಶಿಲೆಯ, ಅಂದರೆ ಆಳಕ್ಕೆ ಹೋಗಿ ಹಸಿರಾದ ಲಾವಾದ, ಪಟ್ಟಿ ಹರಪನಹಳ್ಳಿ, ಹಡಗಲಿ ತಾಲೂಕುಗಳ ಪಶ್ಚಿಮದ ಅಂಚನ್ನು ಹಾದು ತುಂಗಭದ್ರೆ ದಾಟುತ್ತದೆ. ಹೊಳೆಯ ಆಚೆ ಕಪ್ಪತಗುಡ್ಡ, ಈಚೆ ಹಡಗಲಿ ಸೀಮೆಯ ಗುಡ್ಡಸಾಲು. ಇನ್ನೊಂದು ಪಟ್ಟಿ ಕೂಡ್ಲಿಗಿಗೆ ಈಶಾನ್ಯದಲ್ಲಿರುವ ಸಂಡೂರಿನದು. ಈ ಬಗೆಯ ಪಟ್ಟಿಗಳಿಗೆಲ್ಲ ಧಾರವಾಡ ಶಿಲಾವರ್ಗ ಎಂದು ಹೆಸರು ಕೊಟ್ಟವನು ಫೂಟನೇ. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನೂ ಅವನೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥನೂ ಅವನೇ.

ಸಂಡೂರಿನ ಲಾವಾ ಸುಮಾರು 270 ಕೋಟಿ ವರ್ಷ ಹಳೆಯದು. ಅಲ್ಲಿನ ಕಬ್ಬಿಣ, ಮ್ಯಾಂಗನೀಸು ಕೂಡ ಆಗಿನ ಕಡಲಿನ ಕೆಸರಾಗಿ ಲಾವಾ ಪದರಗಳ ನಡುನಡುವೆ ಕೂತದ್ದು. ಕಡಲು ಇತ್ತೇ ಎಂದರೆ ಇತ್ತು. ಹಿರಿಯೂರು ತಾಲೂಕಿನ ಮರಡಿಹಳ್ಳಿಗೆ ಹೋದರೆ ಕಣ್ಣಾರೆ ಕಾಣಬಹುದು. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಕ್ಷಣ ಗಾಜಿನಂತೆ ಗಟ್ಟಿಯಾಗಿ, ಒಳಗಿನದು ಉಬ್ಬಿ, ತಲೆದಿಂಬಿನ ಆಕಾರದ ಮುದ್ದೆಗಳು ಒಂದರ ಮೇಲೊಂದು ಕೂರುತ್ತವೆ. ಅದಕ್ಕೇ ದಿಂಬು ಲಾವಾ ಎಂಬ ಹೆಸರು. ಮರಡಿಹಳ್ಳಿಯದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಇನ್ನು ಇಷ್ಟೊಂದು ಲಾವಾ ಮೇಲೆ ಬಂದದ್ದು ಹೇಗೆ ಎಂಬಲ್ಲಿ ಭೂವಿಜ್ಞಾನಿಗಳ ಜಗಳ ಶುರುವಾಗುತ್ತದೆ. ಒಂದು ಪಕ್ಷದ ಪ್ರಕಾರ ಇಂದಿನ ಜಪಾನಿನಲ್ಲಿ ಆಗುತ್ತಿರುವಂತೆಯೇ ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗಿ ದ್ವೀಪಮಾಲೆಯ ಜ್ವಾಲಾಮುಖಿಗಳು ಹುಟ್ಟಿದವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಸಿ. ಮಾಣಿಕ್ಯಾಂಬಾ ಸಂಡೂರಿನ ಲಾವಾದ ರಾಸಾಯನಿಕ ಕುರುಹು ಹಿಡಿದು ಈ ದಿಕ್ಕಿನಲ್ಲಿಯೂ ವಾದಿಸಿದ್ದಾರೆ. ಇನ್ನೊಂದು ಪಕ್ಷ ಭೂಮಿಯ ಒಳಗಿನಿಂದ ನೇರ ಎದ್ದ ಬಿಸಿಯ ಬುಗ್ಗೆಯನ್ನು ಮುಂದಿಡುತ್ತದೆ. ಫ್ರಾನ್ಸಿನ ಶುಕ್ರೂನ್, ಶಾರ್ದೋನ್ ಮತ್ತು ಅವರ ಸಂಗಡಿಗರು ಧಾರವಾಡ ಶಿಲೆಗಳ ಮಡಿಕೆ, ಗೆರೆಗಳನ್ನು ಅಳೆದು ಇನ್ನೂ ಸ್ವಾರಸ್ಯದ ಮಾತು ಹೇಳಿದರು. ಆಗಿನ ನೆಲ ಈಗಿನದಕ್ಕಿಂತ ಬಹಳ ಬಿಸಿ, ಬಹಳ ಮೆದು. ಅದರ ಮೇಲೆ ಕಿಲೋಮೀಟರುಗಟ್ಟಲೆ ದಪ್ಪ ಹರಡಿದ ಲಾವಾ ಅಡಿಯ ನೈಸ್ ಶಿಲೆಗಿಂತ ಭಾರ. ಭಾರವಾದದ್ದು ಕೆಳಗೆ ಜೋತುಬಿತ್ತು, ಹಗುರಾದದ್ದು ಗುಮ್ಮಟದಂತೆ ಮೇಲೆ ಉಬ್ಬಿತು. ಇಂದು ನಕ್ಷೆಯಲ್ಲಿ ಹಸಿರುಶಿಲೆಯ ಪಟ್ಟಿಗಳು ನೈಸ್ ಗುಮ್ಮಟಗಳ ಸಂದಿಯಲ್ಲಿ ಸಿಕ್ಕಿಕೊಂಡಂತೆ ಕಾಣುವುದು ಅದರಿಂದ. ಲಾವಾದ ಮೂಲದ ಬಗ್ಗೆ ಯಾರು ಗೆದ್ದರೂ ನನಗೆ ಅಡ್ಡಿಯಿಲ್ಲ. ಅದು ಕುಸಿದ ರೀತಿಯ ಬಗ್ಗೆ ಮಾತ್ರ ಮೂರನೆಯವರ ಮಾತು ಕಲ್ಲಿನ ಮೇಲೆ ಎದ್ದು ಕಾಣುತ್ತದೆ ಎಂದು ನನ್ನ ಅನಿಸಿಕೆ. ಈ ಪಟ್ಟಿಗಳಲ್ಲಿ ಕಲ್ಲಿನ ಪದರಗಳು ಮಲಗಿಲ್ಲ, ಹೆಚ್ಚಿನವು ಕಡಿದಾಗಿ ನೆಟ್ಟಗೆ ನಿಂತಿವೆ.

ಎರಡನೆಯದು ಗ್ರಾನೈಟು. ಕೂಡ್ಲಿಗಿಯಿಂದ ಗುಡೇಕೋಟೆಯ ದಿಕ್ಕಿಗೆ ಹೊರಟರೆ ಬಂಡೆಯ ಮೇಲೆ ಬಂಡೆ ಪೇರಿಸಿದ ಗುಡ್ಡಗಳು ಶುರುವಾಗುತ್ತವೆ. ಕರಡಿಗಳಿಗೆ ಅಲ್ಲಿ ಗವಿಗಳ ಬರವಿಲ್ಲ, ಅದಕ್ಕೇ ಗುಡೇಕೋಟೆ ಕರಡಿಧಾಮವಾಯಿತು. ಈ ಗ್ರಾನೈಟಿನ ಹೆಸರು ಕ್ಲೋಸ್‌ಪೇಟೆ. ಬಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಹೊತ್ತಿದ್ದ ಊರು ರಾಮನಗರವಾಗಿ ಎಷ್ಟೋ ಕಾಲವಾಯಿತು, ಕಲ್ಲಿಗೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಶೋಲೆ ಸಿನಿಮಾದ ಬಂಡೆಗಳೂ ಗುಡೇಕೋಟೆಯ ಬಂಡೆಗಳೂ ಸುಮಾರು 400 ಕಿಲೋಮೀಟರ್ ಉದ್ದದ ಒಂದೇ ಪಟ್ಟಿಯ ತುಂಡುಗಳು. ವಯಸ್ಸು 251 ಕೋಟಿ ವರ್ಷದ ಆಸುಪಾಸು. ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಅವರು 1956ರಲ್ಲೇ ಈ ಕಲ್ಲಿನ ಮೇಲೆ ದೊಡ್ಡ ಗ್ರಂಥ ಬರೆದಿದ್ದರು.

2003ರಲ್ಲಿ ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಮೊಯೆನ್, ಆಗ ಬೆಂಗಳೂರು ವಿಶ್ವವಿದ್ಯಾಲಯದಲ್ಲಿದ್ದ ಎಂ. ಜಯಾನಂದ ಮತ್ತು ಜೊತೆಯವರು ಪ್ರಕಟಿಸಿದ ಅಧ್ಯಯನ ಈ ಪಟ್ಟಿಯನ್ನು ನೋಡುವ ಬಗೆಯನ್ನೇ ಬದಲಿಸಿತು. ಇದು ಬರೀ ಉದ್ದನೆಯ ಕಲ್ಲಿನ ಸಾಲಲ್ಲ, ಅಡ್ಡ ಮಲಗಿಸಿದ ಒಂದು ಆಳದ ಬಾವಿ ಎಂಬುದು ಅವರ ತಾತ್ಪರ್ಯ. ದಕ್ಷಿಣ ಕರ್ನಾಟಕದ ನೆಲ ಉತ್ತರದ್ದಕ್ಕಿಂತ ಹೆಚ್ಚು ಮೇಲೆದ್ದಿದೆ, ಹೆಚ್ಚು ಸವೆದಿದೆ. ಹಾಗಾಗಿ ಕನಕಪುರದ ಕಡೆ ಇಂದು ಕಾಣುವುದು ಒಂದು ಕಾಲಕ್ಕೆ 20, 25 ಕಿಲೋಮೀಟರ್ ಆಳದಲ್ಲಿದ್ದ ಬೇರು. ಅಲ್ಲಿಂದ ಉತ್ತರಕ್ಕೆ ಬರುವುದೆಂದರೆ ನೆಲದಾಳದಿಂದ ಮೇಲಕ್ಕೆ ಹತ್ತುತ್ತ ಬಂದಂತೆ. ಬೇರಿನಲ್ಲಿ ಕರಗಿದ ಕಲ್ಲೂ ಕರಗದ ಕಲ್ಲೂ ಕಲಸಿಕೊಂಡಿವೆ. ನಡುವೆ ಒಂದು ತೆರಪು, ಅಲ್ಲಿ ಗ್ರಾನೈಟು ಹೆಚ್ಚಿಲ್ಲ, ಬರೀ ಹಾದುಹೋದ ದಾರಿಯ ಗುರುತು. ಆಮೇಲೆ ಉತ್ತರದ ತುದಿಯಲ್ಲಿ ಬಿಡಿಬಿಡಿಯಾಗಿ ಉಬ್ಬಿ ನಿಂತ ಗ್ರಾನೈಟ್ ಗಡ್ಡೆಗಳು. ಕೂಡ್ಲಿಗಿ, ಹಂಪಿ ಸೀಮೆ ಈ ಮೇಲಂತಸ್ತಿನದು, ಸುಮಾರು ಹತ್ತು ಕಿಲೋಮೀಟರ್ ಆಳದ್ದು. ಕನಕಪುರದ ಕಡೆಯಿಂದ ಹೊಸಪೇಟೆಗೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬರುವವರಿಗೆ ತಾವು ಹತ್ತು, ಹದಿನೈದು ಕಿಲೋಮೀಟರ್ ಮೇಲೆ ಹತ್ತಿದ್ದು ತಿಳಿಯುವುದಾದರೂ ಹೇಗೆ!

ಈ ಗ್ರಾನೈಟು ಎದ್ದದ್ದು ನೆಲ ಎರಡು ಕಡೆಗೆ ಹಿಗ್ಗಿದ್ದರಿಂದ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆಗ ನೆಲ ಬದಿಗಳಿಂದ ಒತ್ತಿಸಿಕೊಂಡು, ಒಂದರ ಪಕ್ಕ ಒಂದು ಜಾರಿ, ಬಿಸಿಗೆ ಜಿಗುಟಾಗಿ ಉದ್ದಕ್ಕೆ ಹರಿಯುತ್ತಿತ್ತು. ಕರಗಿದ ಕಲ್ಲು, ಅಂದರೆ ಮಾಗ್ಮಾ, ಆ ಜಾರುವಿಕೆಯ ಸಂದಿಗಳನ್ನು ಬಳಸಿಕೊಂಡು ಮೇಲೇರಿತು. ಗ್ರಾನೈಟಿನೊಳಗಿನ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು ಎಷ್ಟೋ ಕಡೆ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಆ ಹರಿವಿನ ಗುರುತು.

ಮೂರನೆಯದೇ ನಿಜವಾಗಿ ನನ್ನನ್ನು ಹಿಡಿದದ್ದು. ಕಂದು, ಬೂದು ಬಣ್ಣದ ನೈಸ್ ಹಾಗೂ ಗ್ರಾನೈಟಿನ ಬಯಲಿನಲ್ಲಿ ಇದ್ದಕ್ಕಿದ್ದಂತೆ ಕರಿಕಲ್ಲಿನ ಒಂದು ಸಾಲು. ಗುಂಡುಗಳೆಲ್ಲ ಕಪ್ಪು, ತುಕ್ಕುಬಣ್ಣದ ಹೊರಮೈ, ಒಂದಕ್ಕೊಂದು ಬಡಿದರೆ ಗಂಟೆಯ ನಾದ. ಗೆರೆ ಎಳೆದಂತೆ ಹೊಲ, ಹಳ್ಳ, ಗುಡ್ಡ ಯಾವುದನ್ನೂ ಲೆಕ್ಕಿಸದೆ ನೇರ ಹೋಗುತ್ತದೆ. ಭೂವಿಜ್ಞಾನಿಗಳು ಇದನ್ನು ಡೈಕ್ ಎನ್ನುತ್ತಾರೆ, ಕಲ್ಲು ಡಾಲರೈಟ್. ಗ್ರಾನೈಟ್ ವ್ಯಾಪಾರದಲ್ಲಿ ಇದೇ ಜಾತಿಯ ಕಲ್ಲು ಕಪ್ಪು ಗ್ರಾನೈಟ್ ಎಂಬ ಹೆಸರಲ್ಲಿ ಪಾಲಿಷ್ ಆಗಿ ಮಾರಾಟವಾಗುತ್ತದೆ. ಅದು ಗ್ರಾನೈಟೇ ಅಲ್ಲ ಎಂಬುದು ವ್ಯಾಪಾರಿಗೂ ಬೇಡ, ಗಿರಾಕಿಗೂ ಬೇಡ.

ಹಡಗಲಿಯ ಎರೆಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟಾಗ ಬಿರುಕಿಗೆ ಮೇಲಿನ ಸಡಿಲ ಮಣ್ಣು ಉದುರಿ ತುಂಬಿಕೊಳ್ಳುವುದನ್ನು ರೈತರು ನೋಡಿಯೇ ಇರುತ್ತಾರೆ. ಡೈಕಿನಲ್ಲೂ ಬಿರುಕು ತೆರೆದು ತುಂಬಿಕೊಳ್ಳುತ್ತದೆ, ಆದರೆ ತುಂಬುವುದು ಮೇಲಿನಿಂದಲ್ಲ, ಕೆಳಗಿನಿಂದ. ನೆಲದ ತೊಗಟೆಯನ್ನು ಎರಡು ಕಡೆಗೆ ಎಳೆದಾಗ ಅದು ಎಳೆತಕ್ಕೆ ಅಡ್ಡವಾಗಿ ಸೀಳುತ್ತದೆ. ಹತ್ತಾರು ಕಿಲೋಮೀಟರ್ ಕೆಳಗಿನ ಮಾಗ್ಮಾ ಒತ್ತಡದಿಂದ ಆ ಸೀಳಿಗೆ ನುಗ್ಗಿ, ಅದನ್ನು ಇನ್ನಷ್ಟು ಬಿಡಿಸಿ, ಗಟ್ಟಿಯಾಗುತ್ತದೆ. ಮೇಲಿನವರೆಗೆ ಮುಟ್ಟಿದ್ದರೆ ಜ್ವಾಲಾಮುಖಿ, ಮುಟ್ಟದಿದ್ದರೆ ಬರೀ ಡೈಕ್. ಇದರಿಂದ ಒಂದು ಉಪಕಾರವಾಗುತ್ತದೆ. ಡೈಕ್ ಪೂರ್ವ-ಪಶ್ಚಿಮವಾಗಿ ಓಡಿದ್ದರೆ ಅಂದು ನೆಲ ಉತ್ತರ-ದಕ್ಷಿಣಕ್ಕೆ ಹಿಗ್ಗಿತ್ತು ಎಂದು ಅರ್ಥ. ಒಂದು ಸೀಮೆಯ ಒಂದೇ ಕಾಲದ ಡೈಕುಗಳ ಅಗಲವನ್ನೆಲ್ಲ ಕೂಡಿದರೆ ಎಷ್ಟು ಹಿಗ್ಗಿತ್ತು ಎಂಬ ಲೆಕ್ಕವೂ ಸಿಗುತ್ತದೆ. ಸವೆದು ಹೋದ ಜ್ವಾಲಾಮುಖಿಗಿಂತ ಅದರ ಬೇರು ಹೆಚ್ಚು ಮಾತಾಡುತ್ತದೆ.

ಇನ್ನೊಂದು ಗುರುತೂ ಉಂಟು. ಡೈಕಿನ ಅಂಚನ್ನು ಕೈಮಸೂರದಲ್ಲಿ ನೋಡಿ, ಆಮೇಲೆ ನಡುವನ್ನು ನೋಡಿ. ತಣ್ಣನೆಯ ಗ್ರಾನೈಟ್ ಗೋಡೆಗೆ ತಾಗಿದ ಅಂಚು ಬೇಗ ಆರಿ ನುಣುಪು ಕಣದ್ದಾಗಿರುತ್ತದೆ, ನಡುಭಾಗ ನಿಧಾನ ಆರಿ ಹರಳು ಬಿಟ್ಟಿರುತ್ತದೆ. ಗೋಡೆ ತಣ್ಣಗಿತ್ತು ಎಂಬುದು ಇಲ್ಲಿ ಮುಖ್ಯ. ಲಾವಾ ಭಾರಕ್ಕೆ ಜೋತುಬಿದ್ದ, ಗ್ರಾನೈಟ್ ಕಾಲದಲ್ಲಿ ಜಿಗುಟಾಗಿ ಹರಿದ ಅದೇ ನೆಲ ಈಗ ಗೆರೆ ಎಳೆದಂತೆ ನೇರವಾಗಿ ಸೀಳುವಷ್ಟು ಬಿರುಸಾಗಿತ್ತು.

ಯಾವಾಗ ಸೀಳಿತು ಎಂಬುದು ಬಹುಕಾಲ ಒಗಟಾಗಿತ್ತು. ಫೂಟ್ ಈ ಕರಿಸಾಲುಗಳನ್ನು ಟ್ರ್ಯಾಪ್ ಎಂದು ಬರೆದುಕೊಂಡ, ವಯಸ್ಸು ಹೇಳುವ ಸಾಧನ ಅವನಲ್ಲಿರಲಿಲ್ಲ. ಸಾಮಾನ್ಯವಾಗಿ ಕಲ್ಲಿನ ವಯಸ್ಸು ಅಳೆಯಲು ಜಿರ್ಕಾನ್ ಎಂಬ ಹರಳು ಬಳಸುತ್ತಾರೆ, ಅದರೊಳಗಿನ ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಡೈಕಿನಲ್ಲಿ ಜಿರ್ಕಾನ್ ಸಿಕ್ಕರೂ ನಂಬುವಂತಿಲ್ಲ, ದಾರಿಯಲ್ಲಿ ಹಳೆ ಗ್ರಾನೈಟಿನಿಂದ ಕಿತ್ತು ತಂದದ್ದಿರಬಹುದು. ಬ್ಯಾಡೆಲೈಟ್ ಎಂಬ ಇನ್ನೊಂದು ಖನಿಜಕ್ಕೆ ಈ ಮೋಸವಿಲ್ಲ. ಸಿಲಿಕಾ ತುಂಬಿದ ಗ್ರಾನೈಟಿನಲ್ಲಿ ಅದು ಬದುಕುವುದೇ ಇಲ್ಲ, ಹಾಗಾಗಿ ಡೈಕಿನಲ್ಲಿ ಸಿಕ್ಕರೆ ಅದು ಡೈಕಿನದೇ. (ಈ ಖನಿಜಕ್ಕೆ ಹೆಸರು ಬಂದದ್ದು ಶ್ರೀಲಂಕಾದ ರಕ್ವಾನದಿಂದ ಅದನ್ನು ಒಯ್ದ ಜೋಸೆಫ್ ಬ್ಯಾಡೆಲಿ ಎಂಬವನಿಂದ. ನಮ್ಮ ನೆರೆಮನೆಯದೇ ಎನ್ನಿ.) 2007ರಲ್ಲಿ ಟೊರಾಂಟೊದ ಹೆನ್ರಿ ಹಾಲ್ಸ್, ಹೈದರಾಬಾದಿನ ಅನಿಲ್ ಕುಮಾರ್ ಮತ್ತು ಸಂಗಡಿಗರು, 2010ರಲ್ಲಿ ಕೆನಡಾದ ಫ್ರೆಂಚ್ ಮತ್ತು ಹೀಮನ್, ಆಮೇಲೆ ಸ್ವೀಡನ್ನಿನ ಉಲ್ಫ್ ಸೋಡರ್‌ಲುಂಡ್, ಬನಾರಸಿನ ರಾಜೇಶ್ ಶ್ರೀವಾಸ್ತವ ಮೊದಲಾದವರು ಕೂದಲೆಳೆಯಂಥ ಈ ಹರಳುಗಳನ್ನು ಹೆಕ್ಕಿ ವಯಸ್ಸು ಕಟ್ಟಿದರು.

ಸಿಕ್ಕ ಉತ್ತರ, ನೆಲ ಒಮ್ಮೆಯಲ್ಲ, ಹಲವು ಸಲ ಬಿರಿದಿತ್ತು. 237 ಕೋಟಿ ವರ್ಷದ ಹಿಂದೆ ಒಂದು, 221 ಕೋಟಿ ಮತ್ತು 218 ಕೋಟಿಯಲ್ಲಿ ಮತ್ತೆ, 188 ಕೋಟಿಯಲ್ಲಿ ಇನ್ನೊಮ್ಮೆ. ನಡುವೆ ಬೇರೆ ಸಣ್ಣಪುಟ್ಟವೂ ಇವೆ. ಮೊದಲನೆಯದಕ್ಕೆ ಬೆಂಗಳೂರು ಡೈಕ್ ಸಮೂಹ ಎಂದು ಹೆಸರು, ಬಹುಪಾಲು ಪೂರ್ವ-ಪಶ್ಚಿಮ. ಇಲ್ಲಿ ಕೊನೆಗೆ ಹೇಳಿದ್ದಕ್ಕೆ ನಮ್ಮ ಪಕ್ಕದ ಹಂಪಿಯ ಹೆಸರು. 188 ಕೋಟಿ ವರ್ಷದ ಆ ಎಳೆತ ಹಂಪಿಗಷ್ಟೇ ಸೀಮಿತವಾಗಿರಲಿಲ್ಲ. ಆಂಧ್ರದ ಕಡಪ ಜಲಾನಯನದಲ್ಲಿ ಪುಲಿವೆಂದುಲದ ಹತ್ತಿರ ಪದರಗಳ ನಡುವೆ ನುಗ್ಗಿದ ಮಾಗ್ಮಾಕ್ಕೂ ಅದೇ ವಯಸ್ಸು ಬಂದಿದೆ, ಬಸ್ತರಿನ ಡೈಕುಗಳಿಗೂ ಅದೇ. ಹಾಲ್ಸ್ ಬಳಗ ಕಲ್ಲಿನೊಳಗೆ ಹೆಪ್ಪುಗಟ್ಟಿದ ಕಾಂತದ ದಿಕ್ಕನ್ನೂ ಅಳೆಯಿತು. 237 ಕೋಟಿ ವರ್ಷದ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರವಲ್ಲ, ಧ್ರುವದ ಕಡೆಗಿನ ಅಕ್ಷಾಂಶದಲ್ಲಿತ್ತು ಎಂದು ಅದರಿಂದ ತಿಳಿಯಿತು. ಏಪ್ರಿಲ್ ತಿಂಗಳಲ್ಲಿ ಕೊಟ್ಟೂರಿನ ಬಿಸಿಲಿಗೆ ನಿಂತು ಇದನ್ನು ನಂಬಲು ಕೊಂಚ ಧೈರ್ಯ ಬೇಕು.

ಸೀಳುವುದು ಎಷ್ಟು ಬೇಗ ಆಗುತ್ತದೆ? ಕೋಟಿ ಎಂಬ ಮಾತು ಕೇಳಿ ಕೇಳಿ ಎಲ್ಲವೂ ಆಮೆನಡಿಗೆ ಎಂಬ ಭಾವನೆ ಬಂದಿರುತ್ತದೆ. 2005ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಅಫಾರ್ ಮರುಭೂಮಿಯಲ್ಲಿ ದಬ್ಬಾಹು ಜ್ವಾಲಾಮುಖಿಯ ಬಳಿ ಒಂದು ಡೈಕ್ ವಿಜ್ಞಾನಿಗಳ ಕಣ್ಣೆದುರೇ ಹುಟ್ಟಿತು. ಸುಮಾರು 60 ಕಿಲೋಮೀಟರ್ ಉದ್ದ, ಕೆಲವೆಡೆ 8 ಮೀಟರ್ ಅಗಲ, ಕೆಲವೇ ವಾರಗಳಲ್ಲಿ. ಉಪಗ್ರಹದ ರೇಡಾರ್ ಅದನ್ನು ಅಳೆಯಿತು. ಅಷ್ಟಾದರೂ ಮೇಲೆ ಬಂದದ್ದು ಸ್ವಲ್ಪ ಬೂದಿ ಮಾತ್ರ, ಉಳಿದ ಮಾಗ್ಮಾ ಎಲ್ಲ ಒಳಗೇ ನಿಂತಿತು. ನಮ್ಮ ಕರಿಸಾಲುಗಳು ಹುಟ್ಟಿದ ದಿನಗಳೂ ಹೀಗೇ ಇದ್ದಿರಬೇಕು. ತೊಗಟೆಯ ಎಳೆತ ಕೋಟಿ ವರ್ಷದ್ದು, ಬಿರಿಯುವಿಕೆ ವಾರದ್ದು. ಆಫ್ರಿಕಾದಲ್ಲಿ ಆ ಎಳೆತ ಮುಂದುವರಿದರೆ ಖಂಡವೇ ಎರಡಾಗುತ್ತದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರಾದ ಅಂಥದೇ ಗಳಿಗೆಯವು, ವಯಸ್ಸು ಒಂಬತ್ತು ಕೋಟಿ ವರ್ಷದ ಒಳಗೆ. ನಮ್ಮ ಸೀಮೆಯಲ್ಲಿ ಮಾತ್ರ ಸೀಳು ಪೂರ್ತಿಯಾಗಲಿಲ್ಲ. ಪ್ರತಿ ಸಲವೂ ಕರಿಕಲ್ಲು ತುಂಬಿ ಮುಚ್ಚಿಹೋಯಿತು.

ಈ ನೆಲದೊಳಗೆ ಎರಡು ತುಂಡುಗಳನ್ನು ಕೂಡಿಸಿದ ಒಂದು ಹೊಲಿಗೆಯೂ ಇದೆ. 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ನಮ್ಮ ತಾಲೂಕುಗಳಿಗೆ ದಕ್ಷಿಣದಲ್ಲಿ, ಸ್ಫೋಟ ಮಾಡಿ ಕಂಪನ ಅಳೆದು ನೆಲದಾಳದ ಚಿತ್ರ ತೆಗೆದರು. ದೇಶದಲ್ಲಿ ಅಂಥ ಆಳದ ಸಮೀಕ್ಷೆ ಅದೇ ಮೊದಲು. 2003ರಲ್ಲಿ ಹೈದರಾಬಾದಿನ ಸಂದೀಪ್ ಗುಪ್ತಾ, ಎಸ್.ಎಸ್. ರೈ ಮತ್ತಿತರರು ದೂರದ ಭೂಕಂಪಗಳ ಅಲೆ ಬಳಸಿ ಮತ್ತೆ ಅಳೆದರು. ಪೂರ್ವದ ಕಡೆ ತೊಗಟೆ 34 ಕಿಲೋಮೀಟರಿನ ಆಸುಪಾಸು, ಪಶ್ಚಿಮದಲ್ಲಿ 40ರಿಂದ 50. ಚಿತ್ರದುರ್ಗ-ಗದಗ ಪಟ್ಟಿಯ ಪೂರ್ವದ ಅಂಚಿನಲ್ಲಿ ಈ ಎರಡು ನೆಲ ಕೂಡಿವೆ. ಹರಪನಹಳ್ಳಿ, ಹಡಗಲಿಯವರು ಈ ಜೋಡಣೆಯ ಮೇಲೇ ಉಳುಮೆ ಮಾಡುತ್ತಿದ್ದಾರೆ. ಕೂಡ್ಲಿಗಿ ಪೂರ್ವದ ತೆಳುನೆಲಕ್ಕೆ ಸೇರಿದ್ದು.

ಡೈಕಿನ ಕರಿಕಲ್ಲನ್ನು ಮೊದಲು ಅಭ್ಯಾಸ ಮಾಡಿದವರು ಭೂವಿಜ್ಞಾನಿಗಳಲ್ಲ. ಬಳ್ಳಾರಿಯ ಹತ್ತಿರ ಕಪ್ಪಗಲ್ಲು, ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟ್ ಸೀಳಿಕೊಂಡು ಹೋದ ಡಾಲರೈಟ್ ಡೈಕ್ ಇದೆ. ನವಶಿಲಾಯುಗದ ಜನ ಅದನ್ನೇ ಒಡೆದು ಕೊಡಲಿ ಮಾಡಿದರು, ಕಾರ್ಖಾನೆಯ ಮಟ್ಟದಲ್ಲಿ. ಹೊಳೆಯುವ ಕಪ್ಪು ಮೈಮೇಲೆ ಎತ್ತು, ಮನುಷ್ಯರ ಚಿತ್ರ ಕುಟ್ಟಿದರು. ಬಡಿದರೆ ನಾದ ಕೊಡುವ ಬಂಡೆಗಳನ್ನು ಬಡಿದು ಬಡಿದು ಗುಳಿ ಬೀಳಿಸಿದರು. ಗ್ರಾನೈಟಿನಿಂದ ಕೊಡಲಿಯಾಗುವುದಿಲ್ಲ, ಕಣಗಳು ದಪ್ಪ, ಏಟಿಗೆ ಉದುರುತ್ತವೆ. ಡೈಕಿನ ನುಣುಪು ಕಣ ಬೇಕೆಂದು ಅವರಿಗೆ ಯಾವ ಸೂಕ್ಷ್ಮದರ್ಶಕವೂ ಹೇಳಿಕೊಡಬೇಕಾಗಿರಲಿಲ್ಲ. ಫೂಟ್ ಈ ಗುಡ್ಡಗಳ ಮೇಲೂ ಓಡಾಡಿದ್ದ. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಈಗ ಅವನ ಹೆಸರಿದೆ. ಇತ್ತೀಚಿನ ದಶಕಗಳಲ್ಲಿ ಅಲ್ಲಿನ ಕಲ್ಲು ಗಣಿಗಾರಿಕೆ ಚಿತ್ರಗಳ ಬುಡಕ್ಕೇ ಬಂದು, ಕೆಲವು ಹೋಗಿಯೂ ಹೋದವು.

ಈಗ ನೀರಿನ ಮಾತು. ಕೂಡ್ಲಿಗಿ, ಕೊಟ್ಟೂರು ಕಡೆ ಕೊಳವೆಬಾವಿ ಕೊರೆಸುವುದು ಅರ್ಧ ಜೂಜು. ಗಟ್ಟಿ ಕಲ್ಲಿನಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಅಲ್ಲಿ ಡೈಕ್ ಅಡ್ಡ ಬಂದರೆ ಎರಡು ಬಗೆಯಾಗುತ್ತದೆ. ಕಲ್ಲು ಬಿಗಿಯಾಗಿದ್ದರೆ ಅದು ನೆಲದೊಳಗಿನ ಒಡ್ಡು: ಹರಿವು ಬರುವ ಕಡೆ ನೀರು ನಿಲ್ಲುತ್ತದೆ, ಆಚೆಯ ಹೊಲದವನಿಗೆ ಸಾವಿರ ಅಡಿ ಕೊರೆಸಿದರೂ ಧೂಳು. ಡೈಕಿನ ಅಂಚು ಒಡೆದಿದ್ದರೆ ಅದೇ ನೀರಿನ ಕಾಲುವೆ. ತೆಂಗಿನಕಾಯಿ ಹಿಡಿದು ಜಲ ನೋಡುವವರು ಕೆಲವೊಮ್ಮೆ ಕರಿಕಲ್ಲಿನ ಸಾಲಿನ ಪಕ್ಕದಲ್ಲೇ ನಿಲ್ಲುವುದು ನನಗೇನೂ ಆಶ್ಚರ್ಯವಲ್ಲ. ಕಾಯಿಗಿಂತ ಕಣ್ಣು ಕೆಲಸ ಮಾಡಿರುತ್ತದೆ. ಆಳಕ್ಕೆ ಹೋದಂತೆ ಗ್ರಾನೈಟಿನ ಫ್ಲೋರೈಡ್ ಹೆಚ್ಚಾಗುವ ತೊಂದರೆ ಬೇರೆ, ಕೂಡ್ಲಿಗಿಯ ಹಳ್ಳಿಗಳಿಗೆ ಅದು ಹೊಸದಲ್ಲ.

ತುಂಗಭದ್ರೆಯ ನೀರೆತ್ತಿ ಕೂಡ್ಲಿಗಿ ತಾಲೂಕಿನ 74 ಕೆರೆ ತುಂಬಿಸುವ ಯೋಜನೆಯ ಚರ್ಚೆಯಲ್ಲಿ ಪೈಪು, ಪಂಪು, ಕೋಟಿ ರೂಪಾಯಿಗಳ ಮಾತು ಕೇಳುತ್ತೇವೆ. ತುಂಬಿದ ಕೆರೆಯಿಂದ ಇಂಗಿದ ನೀರು ಯಾವ ಊರಿನ ಬೋರಿಗೆ ಹೋಗುತ್ತದೆ, ಯಾವ ಊರಿನದಕ್ಕೆ ಹೋಗುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು 237 ಕೋಟಿಯಿಂದ 188 ಕೋಟಿ ವರ್ಷದ ಹಿಂದಿನ ಈ ಬಿರುಕುಗಳು. ಡೈಕುಗಳ ನಕ್ಷೆ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಣ್ಣಿನಡಿ ಮುಚ್ಚಿಹೋದವನ್ನು ಹುಡುಕುವುದೂ ಕಷ್ಟವಲ್ಲ, ಡಾಲರೈಟಿನಲ್ಲಿ ಕಾಂತಗುಣದ ಕಬ್ಬಿಣದ ಖನಿಜ ಇರುವುದರಿಂದ ಕಾಂತಮಾಪಕ ಹಿಡಿದು ಹೊಲದಲ್ಲಿ ನಡೆದರೆ ಸಾಕು. 74 ಕೆರೆಗಳ ಪಟ್ಟಿಯನ್ನು ಆ ನಕ್ಷೆಯ ಮೇಲೆ ಇಟ್ಟು ನೋಡುವುದು ಒಂದು ದಿನದ ಕೆಲಸ.